ಆಟಕ್ಕೆ ನಿಯಮ ಬರೆದ ಅರಸರು: ಮುಮ್ಮಡಿ ಕೃಷ್ಣರಾಜ ಒಡೆಯರ್

ನಮ್ಮ ಕರಾವಳಿಗೆ ಚೆನ್ನೆಮಣೆ ಹೇಗೋ ಘಟ್ಟದ ಮೇಲಿನ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಿಗೆ ಚೌಕಾಬಾರ ಹಾಗೆ. ಈ ಊರುಗಳೆಲ್ಲ ಸೇರಿದ್ದ ಮೈಸೂರು ರಾಜ್ಯದ ಅರಸರೊಬ್ಬರು ಆಟಗಳನ್ನು ರಚಿಸುವುದರಲ್ಲೇ ಹೆಸರಾದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರ್.

1794ರ ಜುಲೈ 14ರಂದು ಜನಿಸಿದ ಅವರು, ಟಿಪ್ಪು ಸುಲ್ತಾನ್ ಮಡಿದ 1799ರಲ್ಲಿ ಐದು ವರ್ಷ ತುಂಬುವ ಮೊದಲೇ ಪಟ್ಟವೇರಿದರು. ಮೊದಲಿಗೆ ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನೋಡಿಕೊಂಡರು. ನಗರದ ರೈತರ ದಂಗೆಯ ಬಳಿಕ 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. ಅರಸರಿಗೆ ಪಟ್ಟ ಉಳಿಯಿತು, ಅಧಿಕಾರ ಉಳಿಯಲಿಲ್ಲ.

ಅವರು ವಿದ್ವಾಂಸರನ್ನೂ ಚಿತ್ರಕಾರರನ್ನೂ ಕೂಡಿಸಿಕೊಂಡು ಕೆಲಸಕ್ಕೆ ತೊಡಗಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ನಡೆಸುವ ಬಂಧಗಳು, 320 ಎಲೆಗಳ ಗಂಜೀಫ ಆಟ, ದೇವಿ ಸಾಯುಜ್ಯದಂಥ ಮಣೆ ಆಟ ಅವರ ಕೊಡುಗೆಗಳು.

ಆಟಕ್ಕೆ ನಿಯಮ ಕಟ್ಟುವುದು ಸುಲಭದ ಕೆಲಸವಲ್ಲ. ನಾವೆಲ್ಲ ಬಲ್ಲ ಚೌಕಾಬಾರವನ್ನೇ ನೋಡೋಣ. ಅದು ಅರಸರು ರಚಿಸಿದ ಆಟವಲ್ಲ, ಅವರಿಗಿಂತ ಹಳೆಯದು. ನಾಲ್ಕು ಕವಡೆಗಳು ಬೀಳಬಹುದಾದ ರೀತಿ ಒಟ್ಟು 16. ಕವಡೆ ಎರಡೂ ಬದಿಗೆ ಸಮನಾಗಿ ಬೀಳುವುದಾದರೆ ಎರಡು ಬರುವುದು ಆರು ಸಲ, ಒಂದು ಅಥವಾ ಮೂರು ಬರುವುದು ನಾಲ್ಕು ನಾಲ್ಕು ಸಲ. ನಾಲ್ಕೂ ಅಂಗಾತವಾಗುವ ಚೌಕ, ನಾಲ್ಕೂ ಬೋರಲಾಗುವ ಎಂಟು ಒಂದೊಂದೇ ಸಲ. ಅಪರೂಪದ ಈ ಎರಡಕ್ಕೆ ಹೆಚ್ಚು ಮನೆಗಳೂ ಮತ್ತೊಂದು ಗರವೂ ಸಿಗುತ್ತವೆ. ಹಿಂದುಳಿದವನಿಗೆ ಕೊನೆಯವರೆಗೂ ಆಸೆ ಇರುವುದು ಇದರಿಂದಲೇ. ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲವಾದ್ದರಿಂದ ಜಾಣ್ಮೆಗೂ ಜಾಗವಿದೆ. ಬರೀ ಅದೃಷ್ಟವಾದರೆ ಜಾಣರಿಗೆ ಬೇಸರ, ಬರೀ ಜಾಣ್ಮೆಯಾದರೆ ಮಕ್ಕಳು ಗೆಲ್ಲುವುದೇ ಇಲ್ಲ. ಎರಡನ್ನೂ ತೂಗಿಸುವುದೇ ನಿಯಮ ಬರೆಯುವವನ ಕೆಲಸ.

ಅರಸರ ಬಾಳೂ ಇಂಥದ್ದೇ ಆಟವಾಗಿತ್ತು. ಗಂಡು ಸಂತಾನವಿಲ್ಲದ ಅವರ ಬಳಿಕ ರಾಜ್ಯ ಬ್ರಿಟಿಷರ ಪಾಲಾಗುವ ಭಯವಿತ್ತು. ಅವರು ದಂಗೆ ಏಳಲಿಲ್ಲ. ಮನವಿಗಳ ಮೇಲೆ ಮನವಿ ಬರೆದು ವರ್ಷಗಟ್ಟಲೆ ಕಾದರು. 1865ರಲ್ಲಿ ಬಾಲಕ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷ್ ಸರಕಾರ ಆ ವಾರಸುದಾರಿಕೆಯನ್ನು ಒಪ್ಪಿತು. 1868ರ ಮಾರ್ಚ್ 27ರಂದು ಅರಸರು ತೀರಿಕೊಂಡರು. ರಾಜ್ಯ ಮರಳಿ ದೊರೆತದ್ದು 1881ರಲ್ಲಿ, ಆ ಮಗನ ಕೈಗೆ.

ಯಾವ ಗರ ಬೀಳುತ್ತದೆಂಬುದು ಆಡುವವನ ಕೈಯಲ್ಲಿಲ್ಲ, ಯಾವ ಕಾಯಿ ನಡೆಸಬೇಕೆಂಬುದು ಅವನದೇ. ಈ ರಜೆಯಲ್ಲಿ ಮಕ್ಕಳೊಡನೆ ಕವಡೆ ಹಿಡಿದು ಕುಳಿತಾಗ ಈ ಅರಸರ ಕಥೆಯನ್ನೂ ಅವರಿಗೆ ಹೇಳೋಣ.