ಸಾಮ್ರಾಜ್ಯವನ್ನು ಮುಳುಗಿಸಲು ಹೊರಟ ಮೇಷ್ಟ್ರು

ಬ್ರಿಟಿಷ್ ಹಡಗುಗಳನ್ನು ಮುಳುಗಿಸಲು ಅಂತಲೇ ಒಬ್ಬ ಶಾಲಾ ಶಿಕ್ಷಕ ಸಬ್‌ಮರೀನ್ ಕಟ್ಟಿದ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಆತನ ವಿನ್ಯಾಸವನ್ನು ಬ್ರಿಟಿಷ್ ನೌಕಾಪಡೆಯೇ ಕೊಂಡಿತ್ತು. ಹೀಗಾಗಿದ್ದು ಹೇಗೆ?

ಜಾನ್ ಫಿಲಿಪ್ ಹಾಲೆಂಡ್ ಹುಟ್ಟಿದ್ದು 1841ರಲ್ಲಿ, ಐರ್ಲೆಂಡಿನ ಲಿಸ್ಕ್ಯಾನರ್‌ನಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಕರಾವಳಿ ಕಾವಲು ನೌಕರ. ಮಗ ಕಂಡದ್ದು ಆಲೂಗಡ್ಡೆ ಬರಗಾಲ. ಸುಮಾರು 10 ಲಕ್ಷ ಜನ ಸತ್ತರು. ಆಗಲೂ ಐರ್ಲೆಂಡಿನ ಧಾನ್ಯ ಹಡಗೇರಿ ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. ಅಲ್ಲೇ ಮೇಷ್ಟ್ರಾಗಿದ್ದ ಹಾಲೆಂಡ್ 1873ರಲ್ಲಿ ಅಮೆರಿಕಕ್ಕೆ ಹೋಗಿ, ಪ್ಯಾಟರ್ಸನ್ ಊರಿನಲ್ಲಿ ಮತ್ತೆ ಪಾಠಕ್ಕೆ ನಿಂತ.

1875ರಲ್ಲಿ ಅಮೆರಿಕದ ನೌಕಾಪಡೆ ಆತನ ನಕ್ಷೆಯನ್ನು ತಳ್ಳಿಹಾಕಿತು. ದುಡ್ಡು ಕೊಟ್ಟವರು ಐರಿಷ್ ಕ್ರಾಂತಿಕಾರಿಗಳಾದ ಫೀನಿಯನ್ನರು. 1881ರಲ್ಲಿ 31 ಅಡಿ ಉದ್ದದ 'ಫೀನಿಯನ್ ರ‍್ಯಾಮ್' ನೀರಿಗಿಳಿಯಿತು. ಭಾರ ಹೆಚ್ಚಿಸಿಕೊಂಡು ಮುಳುಗುವ ಬದಲು, ಮುನ್ನುಗ್ಗುತ್ತಲೇ ಚುಕ್ಕಾಣಿ ಬಾಗಿಸಿ ಧುಮುಕುವುದು ಆತನ ಉಪಾಯ. ಆದರೆ ದುಡ್ಡಿನ ಜಗಳ ಶುರುವಾಗಿ, 1883ರಲ್ಲಿ ಫೀನಿಯನ್ನರೇ ದೋಣಿಯನ್ನು ಕದ್ದೊಯ್ದರು. ಅವರಿಗೆ ಅದನ್ನು ನಡೆಸೋಕೆ ಬರಲಿಲ್ಲ, ಹಾಲೆಂಡ್ ಹೇಳಿಕೊಡಲೂ ಇಲ್ಲ.

ಹಾಲೆಂಡ್ ಪ್ರಯೋಗ ಬಿಡಲಿಲ್ಲ. ನೀರಿನ ಮೇಲೆ ಪೆಟ್ರೋಲ್ ಎಂಜಿನ್, ಒಳಗೆ ಬ್ಯಾಟರಿ ಮೋಟಾರು ಬಳಸುವ ಆತನ ಆರನೇ ದೋಣಿಯನ್ನು 1900ರಲ್ಲಿ ಅಮೆರಿಕದ ನೌಕಾಪಡೆ ಕೊಂಡಿತು. ಅಷ್ಟರಲ್ಲಿ ಬಂಡವಾಳಕ್ಕಾಗಿ ಪೇಟೆಂಟ್‌ಗಳೆಲ್ಲ ಎಲೆಕ್ಟ್ರಿಕ್ ಬೋಟ್ ಕಂಪನಿಯ ಕೈ ಸೇರಿದ್ದವು. ಕಂಪನಿಗೆ ಐರ್ಲೆಂಡೂ ಒಂದೇ, ಇಂಗ್ಲೆಂಡೂ ಒಂದೇ. ಅದು ಬ್ರಿಟನ್ನಿನ ವಿಕರ್ಸ್‌ಗೆ ಲೈಸೆನ್ಸ್ ಕೊಟ್ಟಿತು. 1901ರಲ್ಲಿ ಬ್ರಿಟಿಷರ 'ಹಾಲೆಂಡ್ 1' ನೀರಿಗಿಳಿಯಿತು. ರಷ್ಯಾ-ಜಪಾನ್ ಯುದ್ಧ ನಡೆಯುತ್ತಿದ್ದ 1904ರಲ್ಲಿ ಜಪಾನಿಗೆಂದು ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಐದು ಸಬ್‌ಮರೀನ್ ಕಟ್ಟಿ, ಬಿಡಿಭಾಗ ಮಾಡಿ ಯೊಕೊಹಾಮಾಕ್ಕೆ ಕಳಿಸಲಾಯಿತು. ಅದೇ ವರ್ಷ ಅದೇ ಕಂಪನಿ ರಷ್ಯಾಗೂ ಒಂದು ಮಾರಿತು.

ಹಾಲೆಂಡ್ 1904ರಲ್ಲಿ ಕಂಪನಿ ಬಿಟ್ಟ. ಸ್ವಂತ ಕಂಪನಿ ಕಟ್ಟಲು ಹೋದರೆ ಹಳೆಯವರು ಕೇಸು ಹಾಕಿದರು. ತನ್ನದೇ ಆವಿಷ್ಕಾರ ತನ್ನ ಕೈಗೆ ಸಿಗದ ಸ್ಥಿತಿ. 1914ರ ಆಗಸ್ಟ್ 12ರಂದು ತೀರಿಕೊಂಡ. ಬ್ರಿಟನ್ ಮಹಾಯುದ್ಧಕ್ಕಿಳಿದು ಆಗ ಎಂಟು ದಿನ. ಮುಂದಿನ ತಿಂಗಳು ಜರ್ಮನಿಯ ಒಂದೇ ಸಬ್‌ಮರೀನ್ ಮೂರು ಬ್ರಿಟಿಷ್ ಯುದ್ಧನೌಕೆಗಳನ್ನು ಮುಳುಗಿಸಿತು. 1,400ಕ್ಕೂ ಹೆಚ್ಚು ನಾವಿಕರು ಸತ್ತರು.

ಇದು ದೂರದ ಕಥೆಯೇನಲ್ಲ. ಎರಡನೇ ಮಹಾಯುದ್ಧದಲ್ಲಿ ಸಬ್‌ಮರೀನ್ ಭಯದಿಂದ ಸಮುದ್ರದ ದಾರಿ ಅಪಾಯಕ್ಕೆ ಸಿಕ್ಕಿತ್ತು, ಯುರೋಪಿನ ಮಾರುಕಟ್ಟೆಯೂ ಕೈತಪ್ಪಿತ್ತು. ಮೂಡಿಗೆರೆ, ಕಳಸದ ಕಾಫಿಗೂ ಅದರ ಪೆಟ್ಟು ಬಿತ್ತು. 1942ರ ಕಾಫಿ ಕಾಯ್ದೆ, ಕಾಫಿ ಬೋರ್ಡ್ ಬಂದದ್ದು ಆ ಬಿಕ್ಕಟ್ಟಿನಲ್ಲೇ. ಬೆಳೆಗಾರ ತನ್ನ ಬೆಳೆಯನ್ನು ಬೋರ್ಡಿಗೇ ಒಪ್ಪಿಸುವ ಪದ್ಧತಿ 1990ರ ದಶಕದವರೆಗೂ ಉಳಿಯಿತು.

ಹಾಲೆಂಡ್‌ನ ಸಿಟ್ಟು ನಿಜವಾದದ್ದೇ, ಬುದ್ಧಿಯೂ ದೊಡ್ಡದೇ. ಆದರೆ ಯಾರಿಗೆ ಮಾರಬೇಕು, ಯಾರಿಗೆ ಬೇಡ ಅನ್ನುವ ಹಕ್ಕನ್ನು ಮೊದಲೇ ಬರೆದುಕೊಟ್ಟಾಗಿತ್ತು. ಇವತ್ತು ಡ್ರೋನ್‌ಗೋ, ಮುಖ ಗುರುತಿಸುವ ಕ್ಯಾಮೆರಾಗೋ ಕೋಡ್ ಬರೆಯುವ ಗೆಳೆಯರು ಆಫರ್ ಲೆಟರ್‌ನಲ್ಲಿ ಸಂಬಳದ ಜೊತೆ ಆ ಸಾಲನ್ನೂ ಓದಿಕೊಳ್ಳಬೇಕು.