ಬಣ್ಣದ ಮಿಠಾಯಿ ತಿಂದರೆ ಮಗು ಹಠಮಾರಿ ಆಗುತ್ತಾ? ಈ ಪ್ರಶ್ನೆಯನ್ನು ಮನೆಮನೆಗೆ ಮುಟ್ಟಿಸಿದ ಡಾಕ್ಟರ್ ಫೈಂಗೋಲ್ಡ್ ಕತೆ

ನಂಜನಗೂಡಿನ ದೊಡ್ಡ ಜಾತ್ರೆ ಅಂದರೆ ಐದು ತೇರು, ಬೆಂಡು ಬತ್ತಾಸು, ಪೀಪಿ, ಬಲೂನು, ಜೊತೆಗೆ ಕಡ್ಡಿಗೆ ಸುತ್ತಿದ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ. ತಿ. ನರಸೀಪುರದ ಸಂಗಮದಲ್ಲಿ ಕುಂಭಮೇಳ ನಡೆದಾಗಲೂ ಮಕ್ಕಳ ಕಣ್ಣು ಮೊದಲು ಹೋಗುವುದು ಬಣ್ಣ ಬಣ್ಣದ ತಿಂಡಿಯ ಕಡೆಗೇ. ಮನೆಗೆ ಬಂದ ಮೇಲೆ ಮಗು ಕುಣಿಯುತ್ತದೆ, ಮಲಗುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ. ಅಜ್ಜಿ ಮಗುವಿನ ಕೆಂಪು ನಾಲಗೆ ನೋಡಿ ಮಿಠಾಯಿಯನ್ನು ಬೈಯುತ್ತಾರೆ. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿರುತ್ತದೆ: ತಿಂಡಿಗೆ ಹಾಕುವ ಬಣ್ಣವೇ ಮಕ್ಕಳಿಗೆ ಎಡಿಎಚ್‌ಡಿ ತರುತ್ತದೆ, ಬಣ್ಣ ಬಿಡಿಸಿದರೆ ಮಗು ಸರಿಹೋಗುತ್ತದೆ, ಔಷಧಿ ಬೇಡ.

ಇದು ನಿಜವೇ? ಚಿಕ್ಕ ಉತ್ತರ ಹೀಗಿದೆ: ಕೆಲವು ಮಕ್ಕಳ ಮೇಲೆ ಪರಿಣಾಮ ಆಗುತ್ತದೆ, ಎಲ್ಲ ಮಕ್ಕಳ ಮೇಲೂ ಅಲ್ಲ. ಎಡಿಎಚ್‌ಡಿಗೆ ಬಣ್ಣವೇ ಕಾರಣ ಎನ್ನುವುದು ತಪ್ಪು. ಉದ್ದ ಉತ್ತರಕ್ಕೆ ಒಬ್ಬ ವೈದ್ಯರ ಬದುಕನ್ನು ನೋಡಬೇಕು. ನಿಮ್ಮ ಮೊಬೈಲಿಗೆ ಬರುವ ಈ ಫಾರ್ವರ್ಡಿನ ಬೇರು ಇರುವುದು ಅಲ್ಲಿ.

ಚಿಗಟದ ಕಡಿತದಿಂದ ಬಣ್ಣದ ಕಡೆಗೆ

ಬೆಂಜಮಿನ್ ಫೈಂಗೋಲ್ಡ್ ಹುಟ್ಟಿದ್ದು 1899ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಓದಿ 1924ರಲ್ಲಿ ವೈದ್ಯರಾದರು. 1920ರ ದಶಕದ ಕೊನೆಗೆ ವಿಯೆನ್ನಾ ನಗರಕ್ಕೆ ಹೋಗಿ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬ ಮಕ್ಕಳ ವೈದ್ಯರ ಬಳಿ ಕಲಿತರು. ನಾವೆಲ್ಲ ಇಂದು ಬಳಸುವ ಅಲರ್ಜಿ ಎಂಬ ಪದವನ್ನು 1906ರಲ್ಲಿ ಹುಟ್ಟುಹಾಕಿದವರು ಇದೇ ಪಿರ್ಕೆ. ಶಿಷ್ಯನೂ ಅದೇ ದಾರಿ ಹಿಡಿದರು. ಮಕ್ಕಳ ವೈದ್ಯರಾಗಿ ಕೆಲಸ ಮಾಡಿ, ಆಮೇಲೆ ಅಲರ್ಜಿ ತಜ್ಞರಾದರು. 1951ರಿಂದ ಸ್ಯಾನ್ ಫ್ರಾನ್ಸಿಸ್ಕೋದ ಕೈಸರ್ ಪರ್ಮನೆಂಟೆ ಆಸ್ಪತ್ರೆಯಲ್ಲಿ ಅಲರ್ಜಿ ವಿಭಾಗದ ಮುಖ್ಯಸ್ಥರು.

ಅಲ್ಲಿ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಚಿಗಟದ ಮೇಲೆ. ಚಿಗಟ ಕಚ್ಚಿದರೆ ಕೆಲವರಿಗೆ ಮಾತ್ರ ಮೈಯೆಲ್ಲ ದದ್ದು ಏಳುವುದೇಕೆ ಎಂದು ಹುಡುಕುತ್ತಾ ಹೋದಾಗ, ಅದರ ಜೊಲ್ಲಿನಲ್ಲಿರುವ ತೀರಾ ಸಣ್ಣ ಅಣುವೂ ದೇಹವನ್ನು ಕೆರಳಿಸಬಲ್ಲದು ಎನ್ನುವುದು ಅವರಿಗೆ ಮನದಟ್ಟಾಯಿತು. ಅಷ್ಟು ಸಣ್ಣ ಅಣು ಇಷ್ಟು ಮಾಡಬಲ್ಲದಾದರೆ, ದಿನವೂ ತಿನ್ನುವ ಆಹಾರದೊಳಗಿನ ರಾಸಾಯನಿಕಗಳು ಏನು ಮಾಡುತ್ತಿರಬಹುದು? ಈ ಪ್ರಶ್ನೆ ಅವರ ತಲೆಯಲ್ಲಿ ಉಳಿಯಿತು.

1965ರಲ್ಲಿ ಮೈಮೇಲೆ ದದ್ದು ಎದ್ದು ಮುಖ ಊದಿಕೊಂಡಿದ್ದ ಒಬ್ಬ ಮಹಿಳೆ ಅವರ ಬಳಿ ಬಂದರು. ಫೈಂಗೋಲ್ಡ್ ಆಕೆಗೆ ಒಂದು ಪಥ್ಯ ಕೊಟ್ಟರು. ಆಸ್ಪಿರಿನ್ ಮಾತ್ರೆ, ಅದಕ್ಕೆ ಹತ್ತಿರದ ವಸ್ತುಗಳಿರುವ ಸೇಬು, ಟೊಮೆಟೊದಂಥ ಹಣ್ಣುಗಳು, ಜೊತೆಗೆ ಕೃತಕ ಬಣ್ಣ ಮತ್ತು ಕೃತಕ ಸುವಾಸನೆ ಹಾಕಿದ ಆಹಾರ, ಇವೆಲ್ಲ ಬಂದ್. ಬಣ್ಣವನ್ನು ಸೇರಿಸಿದ್ದಕ್ಕೆ ಕಾರಣವಿತ್ತು. ಆಸ್ಪಿರಿನ್ ಆಗದ ಕೆಲವರಿಗೆ ಟಾರ್ಟ್ರಜೀನ್ ಎಂಬ ಹಳದಿ ಬಣ್ಣವೂ ಆಗುವುದಿಲ್ಲ ಎಂದು ವೈದ್ಯರು ಆಗಲೇ ಗಮನಿಸಿದ್ದರು.

ಕೆಲವೇ ದಿನಗಳಲ್ಲಿ ದದ್ದು ಇಳಿಯಿತು. ಅಚ್ಚರಿಯ ಸುದ್ದಿ ಬಂದದ್ದು ಬೇರೆ ಕಡೆಯಿಂದ. ಆಕೆ ಮಾನಸಿಕ ಸಮಸ್ಯೆಗೂ ಚಿಕಿತ್ಸೆ ಪಡೆಯುತ್ತಿದ್ದರು. ಅಷ್ಟು ದಿನ ಸುಧಾರಿಸದ ಆಕೆಯ ಸ್ವಭಾವ ಏಕಾಏಕಿ ತಿಳಿಯಾಗಿದೆ ಎಂದು ಆ ಮನೋವೈದ್ಯರು ಫೈಂಗೋಲ್ಡ್‌ಗೆ ತಿಳಿಸಿದರು. ಒಂದು ಪಥ್ಯ ಚರ್ಮವನ್ನಷ್ಟೇ ಅಲ್ಲದೆ ನಡವಳಿಕೆಯನ್ನೂ ಬದಲಿಸಿತ್ತು, ಕನಿಷ್ಠ ಹಾಗೆ ಕಂಡಿತು.

ಒಂದೇ ಭಾಷಣ, ಸಾವಿರಾರು ಅಡುಗೆಮನೆ

ಫೈಂಗೋಲ್ಡ್ ಅದೇ ಪಥ್ಯವನ್ನು ಒಂದು ಕಡೆ ಕೂರದ, ಪಾಠ ತಲೆಗೆ ಹತ್ತದ ಮಕ್ಕಳಿಗೆ ಕೊಡತೊಡಗಿದರು. 1973ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಸಭೆಯಲ್ಲಿ ತಾವು ಕಂಡದ್ದನ್ನು ಮಂಡಿಸಿದರು. ತಮ್ಮ ಪಥ್ಯದಿಂದ 100ಕ್ಕೆ 30ರಿಂದ 50 ಮಕ್ಕಳು ಸುಧಾರಿಸುತ್ತಾರೆ ಎನ್ನುವುದು ಅವರ ವಾದ. ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಬೆನ್ನಿಗೇ ಬಂದ ಅವರ ಪುಸ್ತಕ ತಂದೆತಾಯಂದಿರ ಕೈಯಿಂದ ಕೈಗೆ ಹೋಯಿತು. 1976ರಲ್ಲಿ ಪೋಷಕರೇ ಸೇರಿ ಫೈಂಗೋಲ್ಡ್ ಅಸೋಸಿಯೇಷನ್ ಕಟ್ಟಿದರು. 1979ರಲ್ಲಿ ಪತ್ನಿ ಹೆಲೀನ್ ಜೊತೆ ಸೇರಿ ಅಡುಗೆ ಪುಸ್ತಕವನ್ನೂ ತಂದರು.

ವಾಟ್ಸಾಪ್ ಇಲ್ಲದ ಕಾಲದ ವೈರಲ್ ಸುದ್ದಿ ಇದು. ಹರಡಿದ್ದಕ್ಕೂ ಕಾರಣವಿತ್ತು. ಆ ಮಕ್ಕಳ ತಾಯಂದಿರು ಅಲ್ಲಿಯವರೆಗೆ ಕೇಳಿದ್ದು ಬರೀ ದೂರು: ಸರಿಯಾಗಿ ಬೆಳೆಸಿಲ್ಲ, ಮುದ್ದು ಜಾಸ್ತಿಯಾಯಿತು ಅಂತ. ತಪ್ಪು ನಿಮ್ಮದಲ್ಲ, ಡಬ್ಬಿಯೊಳಗಿನ ಬಣ್ಣದ್ದು ಎಂದು ಒಬ್ಬ ಹಿರಿಯ ವೈದ್ಯರು ಹೇಳಿದಾಗ ಅವರಿಗೆ ಎಷ್ಟು ನಿರಾಳವಾಗಿರಬೇಕು!

ಎಡವಿದ್ದು ಎಲ್ಲಿ?

ಫೈಂಗೋಲ್ಡ್ ಸುಳ್ಳು ಹೇಳಲಿಲ್ಲ. ಅವರು ಎಡವಿದ್ದು ಎಣಿಸುವ ರೀತಿಯಲ್ಲಿ. ಪಥ್ಯ ಮಾಡಿಸುವ ತಾಯಿಗೆ ಪಥ್ಯ ನಡೆಯುತ್ತಿದೆ ಎಂದು ಗೊತ್ತು. ಮಗು ಸುಧಾರಿಸಲಿ ಎಂಬ ಆಸೆ ಇದೆ. ಮನೆಯವರೆಲ್ಲ ಮಗುವಿನ ಕಡೆ ಹೆಚ್ಚು ಗಮನ ಕೊಡುತ್ತಿದ್ದಾರೆ. ಹೀಗಿರುವಾಗ ಬದಲಾವಣೆ ಬಣ್ಣ ಬಿಟ್ಟಿದ್ದರಿಂದ ಬಂತೋ, ಅಕ್ಕರೆಯಿಂದ ಬಂತೋ, ನೋಡುವ ಕಣ್ಣೇ ಬದಲಾಯಿತೋ ಹೇಳುವುದು ಕಷ್ಟ.

ನಂಬಿಕೆ ಕಣ್ಣನ್ನು ಹೇಗೆ ಬದಲಿಸುತ್ತದೆ ಎನ್ನುವುದಕ್ಕೆ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಅದು ಬಣ್ಣದ್ದಲ್ಲ, ಸಕ್ಕರೆಯದ್ದು. 5ರಿಂದ 7 ವರ್ಷದ 35 ಹುಡುಗರು. ಸಕ್ಕರೆ ತಿಂದರೆ ಮಗ ಹಾರಾಡುತ್ತಾನೆ ಎಂದು ನಂಬಿದ್ದ ಅವರ ತಾಯಂದಿರು. ಯಾವ ಹುಡುಗನಿಗೂ ಸಕ್ಕರೆ ಕೊಡಲಿಲ್ಲ. ಆದರೆ ಅರ್ಧದಷ್ಟು ತಾಯಂದಿರಿಗೆ ಮಾತ್ರ, ಮಗನಿಗೆ ಬಹಳ ಸಕ್ಕರೆ ಕೊಟ್ಟಿದ್ದೇವೆ ಎಂದು ಹೇಳಲಾಯಿತು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚೇಷ್ಟೆ ಮಾಡಿದಂತೆ ಕಂಡಿತು!

ಆದ್ದರಿಂದ ಬಣ್ಣವನ್ನು ಪರೀಕ್ಷಿಸಬೇಕಾದರೆ ಕಣ್ಣು ಕಟ್ಟಬೇಕು. ಯಾವ ದಿನ ಬಣ್ಣ ಇತ್ತು, ಯಾವ ದಿನ ಇರಲಿಲ್ಲ ಎನ್ನುವುದು ಮಗುವಿಗೂ ಗೊತ್ತಿರಬಾರದು, ತಾಯಿಗೂ ಗೊತ್ತಿರಬಾರದು, ಬರೆದುಕೊಳ್ಳುವವರಿಗೂ ಗೊತ್ತಿರಬಾರದು. 1970ರ ದಶಕದಲ್ಲಿ ಬಣ್ಣ ಕಾಣದಂತೆ ಚಾಕೊಲೇಟ್ ಬಿಸ್ಕತ್ತಿನೊಳಗೆ ಸೇರಿಸಿ ಹೀಗೆ ಪರೀಕ್ಷಿಸಿದಾಗ, ಹೆಚ್ಚಿನ ಮಕ್ಕಳಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಫೈಂಗೋಲ್ಡ್ ಹೇಳಿದ ದೊಡ್ಡ ಸಂಖ್ಯೆ ಕುಸಿದುಬಿತ್ತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಆ ಬಿಸ್ಕತ್ತುಗಳಲ್ಲಿದ್ದ ಬಣ್ಣ 26 ಮಿಲಿಗ್ರಾಂ. ಮಕ್ಕಳು ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ತಿನ್ನಬಹುದು ಎಂಬ ತಕರಾರು ಎದ್ದಿತು. 1980ರಲ್ಲಿ ಎರಡು ಪ್ರಯೋಗಗಳು ಒಟ್ಟಿಗೆ ಪ್ರಕಟವಾದವು. ಒಂದರಲ್ಲಿ 100 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಬಣ್ಣ ಕೊಟ್ಟಾಗ ಅತಿಚಟುವಟಿಕೆಯ ಮಕ್ಕಳು ಕಲಿಕೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಇನ್ನೊಂದರಲ್ಲಿ 22 ಮಕ್ಕಳ ಪೈಕಿ ಇಬ್ಬರಲ್ಲಿ ಮಾತ್ರ ಪರಿಣಾಮ ಕಂಡಿತು, ಅದರಲ್ಲೂ ಒಂದು ಪುಟ್ಟ ಹುಡುಗಿಯಲ್ಲಿ ಎದ್ದು ಕಾಣುವಷ್ಟು.

1982ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ವಿಷಯಕ್ಕೆಂದೇ ತಜ್ಞರನ್ನು ಸೇರಿಸಿತು. ಬಣ್ಣ ಬಿಟ್ಟರೆ ಸುಧಾರಿಸುವ ಮಕ್ಕಳು ಇದ್ದಾರೆ, ಆದರೆ ಬಹಳ ಕಡಿಮೆ, ಹೆಚ್ಚಿನ ಅಧ್ಯಯನ ಬೇಕು ಎಂದು ಅವರು ತೀರ್ಮಾನಿಸಿದರು. ಎರಡು ತಿಂಗಳ ನಂತರ, ಮಾರ್ಚ್‌ನಲ್ಲಿ, 82ನೇ ವಯಸ್ಸಿನಲ್ಲಿ ಫೈಂಗೋಲ್ಡ್ ತೀರಿಕೊಂಡರು. ಅವರ ಹೇಳಿಕೆಯನ್ನು ಆಗ ಯಾರೂ ಪೂರ್ತಿ ಒಪ್ಪಿರಲಿಲ್ಲ, ಪೂರ್ತಿ ತಳ್ಳಿಹಾಕಲೂ ಆಗಿರಲಿಲ್ಲ.

ಗುಲಗಂಜಿಯಷ್ಟು ನಿಜ

2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ 153 ಮತ್ತು 8-9 ವರ್ಷದ 144 ಮಕ್ಕಳ ಮೇಲೆ ಕಣ್ಣುಕಟ್ಟಿನ ಪರೀಕ್ಷೆಯನ್ನೇ ನಡೆಸಿದರು. ಇವರು ಯಾವ ಕಾಯಿಲೆಯೂ ಇಲ್ಲದ ಸಾಮಾನ್ಯ ಮಕ್ಕಳು. ಕೃತಕ ಬಣ್ಣಗಳ ಜೊತೆ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ ಬೆರೆಸಿದ ಹಣ್ಣಿನ ಪಾನೀಯ ಕೊಟ್ಟಾಗ ಸರಾಸರಿ ಚಡಪಡಿಕೆ ಸ್ವಲ್ಪ ಹೆಚ್ಚಿತು. ಪರಿಣಾಮ ಸಣ್ಣದು, ಮಗುವಿನಿಂದ ಮಗುವಿಗೆ ಬೇರೆ ಬೇರೆ. ಆದರೂ ಯುರೋಪಿನಲ್ಲಿ 2010ರ ಜುಲೈನಿಂದ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಎಂಬ ಎಚ್ಚರಿಕೆ ಕಡ್ಡಾಯವಾಯಿತು. ಅಮೆರಿಕದ ಆಹಾರ ಇಲಾಖೆಯ ತಜ್ಞರು 2011ರಲ್ಲಿ ಇದೇ ಪುರಾವೆ ನೋಡಿ, ಎಲ್ಲ ಮಕ್ಕಳಿಗೂ ಅನ್ವಯಿಸುವಂತೆ ಇದು ಸಾಬೀತಾಗಿಲ್ಲ ಎಂದರು.

ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ 2012ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ, ಎಡಿಎಚ್‌ಡಿ ಇರುವ 100 ಮಕ್ಕಳಲ್ಲಿ ಸುಮಾರು 8 ಮಂದಿಗೆ ಬಣ್ಣದಿಂದ ಲಕ್ಷಣ ಹೆಚ್ಚಾಗುತ್ತಿರಬಹುದು ಎಂಬ ಅಂದಾಜು ಸಿಕ್ಕಿತು. ಫೈಂಗೋಲ್ಡ್ ಹೇಳಿದ್ದು 30ರಿಂದ 50. ಅವರು ಹುಡುಕಿದ ಜಾಗದಲ್ಲಿ ನಿಜ ಇತ್ತು, ಅವರು ಅಂದುಕೊಂಡಷ್ಟು ಇರಲಿಲ್ಲ.

ತಿ. ನರಸೀಪುರದವರಿಗೆ ಗುಂಜಾ ನರಸಿಂಹಸ್ವಾಮಿಯ ಕತೆ ಗೊತ್ತು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ. ಗುಲಗಂಜಿ ಚಿಕ್ಕದೇ, ಆದರೆ ತಕ್ಕಡಿ ಆಗಲೇ ವಾಲುವಂತಿದ್ದರೆ ಅಷ್ಟೇ ಸಾಕು. ಬಣ್ಣವೂ ಹಾಗೆ. ಹೆಚ್ಚಿನ ಮಕ್ಕಳಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವು ಮಕ್ಕಳಿಗೆ ಮಾತ್ರ ತೂಕ ತಪ್ಪಿಸುತ್ತದೆ.

ನಮ್ಮ ಜಾತ್ರೆಯ ಮಿಠಾಯಿಯ ವಿಷಯ ಬೇರೆ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಇಲ್ಲಿಯವರೆಗೆ ಹೇಳಿದ್ದೆಲ್ಲ ಆಹಾರಕ್ಕೆ ಅನುಮತಿ ಇರುವ ಬಣ್ಣಗಳ ಬಗ್ಗೆ. ಕರ್ನಾಟಕ ಸರ್ಕಾರ 2024ರ ಮಾರ್ಚ್ 11ರಂದು ಬೊಂಬಾಯಿ ಮಿಠಾಯಿ, ಅಂದರೆ ಕಾಟನ್ ಕ್ಯಾಂಡಿ, ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಮಕ್ಕಳ ಹಠಕ್ಕೆ ಹೆದರಿ ಅಲ್ಲ. ಪರೀಕ್ಷೆ ಮಾಡಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107, 25 ಕಾಟನ್ ಕ್ಯಾಂಡಿ ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ವರದಿ ಬಂದಿತ್ತು. ಸಿಕ್ಕ ಬಣ್ಣಗಳಲ್ಲಿ ರೊಡಮೈನ್-ಬಿ ಕೂಡ ಇತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಯಾವ ಆಹಾರಕ್ಕೂ, ಒಂದು ಚಿಟಿಕೆಯೂ ಹಾಕುವಂತಿಲ್ಲ. ಮಗು ತಿಂದು ಸುಮ್ಮನೆ ಮಲಗಿದರೂ ಅದು ತಿನ್ನಬಾರದ ವಸ್ತುವೇ. ಬಣ್ಣ ಹಾಕದ ಬಿಳಿ ಬೊಂಬಾಯಿ ಮಿಠಾಯಿಗೆ ನಿಷೇಧ ಇಲ್ಲ.

ಇನ್ನು ಯುರೋಪು ಎಚ್ಚರಿಕೆ ಹಾಕಿಸಿದ ಆರು ಬಣ್ಣಗಳಲ್ಲಿ ನಾಲ್ಕು ನಮ್ಮ ದೇಶದ ಅನುಮತಿ ಪಟ್ಟಿಯಲ್ಲೂ ಇವೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಸಂಖ್ಯೆ ಹುಡುಕಿ: 102 ಅಂದರೆ ಟಾರ್ಟ್ರಜೀನ್, 110 ಸನ್‌ಸೆಟ್ ಯೆಲ್ಲೊ, 122 ಕಾರ್ಮೊಯಿಸಿನ್, 124 ಪೊನ್ಸೊ 4ಆರ್. ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿಯ ಪೊಟ್ಟಣವನ್ನೂ ಒಮ್ಮೆ ತಿರುಗಿಸಿ ನೋಡಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

- ಜಾತ್ರೆಯ ದಿನ ಮಗು ಕುಣಿದರೆ ಮಿಠಾಯಿಯೊಂದನ್ನೇ ದೂರಬೇಡಿ. ಜನ, ಸದ್ದು, ನಿದ್ದೆಗೆಟ್ಟ ರಾತ್ರಿ, ಇವೂ ಕಾರಣವಿರಬಹುದು.
- ಬಣ್ಣದ ತಿಂಡಿಯಿಂದಲೇ ತೊಂದರೆ ಎಂಬ ಅನುಮಾನ ಬಲವಾಗಿದ್ದರೆ ಮೂರು-ನಾಲ್ಕು ವಾರ ಬಿಡಿಸಿ ನೋಡಿ. ವ್ಯತ್ಯಾಸ ಇದೆಯೇ ಎಂದು, ತಿಂಡಿಯ ವಿಷಯ ಗೊತ್ತಿಲ್ಲದ ಶಾಲೆಯ ಮೇಷ್ಟ್ರನ್ನೋ ಟೀಚರನ್ನೋ ಕೇಳಿ. ಕೃತಕ ಬಣ್ಣದಲ್ಲಿ ಪೌಷ್ಟಿಕಾಂಶವೇನೂ ಇಲ್ಲ, ಬಿಟ್ಟರೆ ನಷ್ಟವಿಲ್ಲ. ನಂಜನಗೂಡಿನ ರಸಬಾಳೆಗೆ ಯಾರೂ ಬಣ್ಣ ಹಾಕಬೇಕಾಗಿಲ್ಲ.
- ಹಣ್ಣು, ತರಕಾರಿ ಬಿಡಿಸುವ ಕಠಿಣ ಪಥ್ಯವನ್ನು ವೈದ್ಯರನ್ನು ಕೇಳದೆ ಮಾಡಿಸಬೇಡಿ.
- ಚಡಪಡಿಕೆ, ಗಮನವಿಲ್ಲದಿರುವುದು ಆರು ತಿಂಗಳಿಗಿಂತ ಹೆಚ್ಚು ಕಾಲ, ಮನೆಯಲ್ಲೂ ಶಾಲೆಯಲ್ಲೂ ಇದ್ದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಾಣಿ, ಅಥವಾ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.
- ವೈದ್ಯರು ಕೊಟ್ಟ ಔಷಧಿಯನ್ನು ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ.

ನಮಗೆ ಕೊನೆಯ ಮಾತೇ ಮುಖ್ಯ. ಎಡಿಎಚ್‌ಡಿಯಲ್ಲಿ ಹುಟ್ಟಿನಿಂದ ಬಂದ ವಂಶವಾಹಿಗಳ ಪಾಲು ದೊಡ್ಡದು. ಬಣ್ಣ ಬಿಡಿಸಿದರೆ ಸಾಕು ಎಂದು ನಂಬಿ ಕೂತರೆ ಮಗುವಿನ ಶಾಲೆಯ ವರ್ಷಗಳು ಕಳೆದುಹೋಗುತ್ತವೆ. ಮಗು ಸುಧಾರಿಸದಿದ್ದಾಗ, ಬಣ್ಣದ ತಿಂಡಿ ಕೊಟ್ಟೆಯಲ್ಲ ಎಂಬ ದೂರು ಮತ್ತೆ ತಾಯಿಯ ತಲೆಗೇ ಬರುತ್ತದೆ. ಯಾವ ದೂರಿನಿಂದ ಫೈಂಗೋಲ್ಡ್ ಆ ತಾಯಂದಿರನ್ನು ಬಿಡಿಸಿದ್ದರೋ, ಅವರ ಹೆಸರೂ ಗೊತ್ತಿಲ್ಲದ ಫಾರ್ವರ್ಡ್ ಈಗ ಅದನ್ನೇ ಹೊರಿಸುತ್ತಿದೆ.

ಮುಂದಿನ ಸಲ ಆ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ಈ ಲೇಖನವನ್ನೂ ಅದರ ಜೊತೆಗೆ ಕಳಿಸಿ.