ಗೌಹರ್ ಜಾನ್: ಕಥೆಯಲ್ಲ, ಕಂಠ

ಕಳೆದ ತಿಂಗಳು ಮಾಲೂರು ತಾಲ್ಲೂಕಿನ ಮಾಸ್ತಿಗೆ ಹೋಗಿದ್ದೆ. ಸುಬ್ಬಣ್ಣನೆಂಬ ಸಂಗೀತಗಾರನ ಬದುಕನ್ನು ನೀಳ್ಗತೆಯಾಗಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಊರದು. ಸಂಜೆ ಅಲ್ಲಿ ಕುಳಿತು ಮೊಬೈಲಿನಲ್ಲಿ ಗೌಹರ್ ಜಾನ್ ಹಾಡಿದ ಭೈರವಿ ಠುಮ್ರಿಯೊಂದನ್ನು ಕೇಳಿದೆ. ಸುಬ್ಬಣ್ಣ ಕಲ್ಪನೆಯ ಗಾಯಕ. ಅವನ ಹಾಡು ನಮ್ಮ ಕಿವಿಗೆ ಎಟುಕದು. ಗೌಹರ್ ನಿಜವಾಗಿ ಬದುಕಿದ್ದವರು. ಅವರ ಹಾಡು ಇಂದಿಗೂ ಸಿಗುತ್ತದೆ. ಆದರೂ ಅವರ ಕಥೆ ಹೇಳುವವರೇ ಹೆಚ್ಚು, ಹಾಡು ಕೇಳುವವರು ಕಡಿಮೆ.

1873ರಲ್ಲಿ ಆಜಂಗಢದಲ್ಲಿ ಏಂಜಲೀನಾ ಯೋವರ್ಡ್ ಎಂಬ ಹೆಸರಿನಿಂದ ಹುಟ್ಟಿದ ಬಾಲೆ ಅವರು. ತಂದೆ ತಾಯಿ ಬೇರೆಯಾದ ಬಳಿಕ ತಾಯಿ ಬನಾರಸಿಗೆ ಬಂದು ಮಲ್ಕಾ ಜಾನ್ ಆದರು, ಮಗಳು ಗೌಹರ್ ಆದಳು. ಮುಂದೆ ಕಲ್ಕತ್ತ ಅವರ ಕರ್ಮಭೂಮಿಯಾಯಿತು. ಕಥಕ್ ಕಲಿಸಿದವರು ಲಖನೌದ ಬಿಂದಾದಿನ್ ಮಹಾರಾಜರು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದರು. ಯಂತ್ರದ ಬಗ್ಗೆ ಅನೇಕ ಉಸ್ತಾದರು ಅನುಮಾನ ತಾಳಿದ್ದ ಕಾಲದಲ್ಲಿ ಗೌಹರ್ ಅದರೆದುರು ನಿಂತು ಹಾಡಿದರು. ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಇಂದು ಬಹುಮಂದಿಗೆ ನೆನಪಿರುವುದು ಆ ಕೂಗು ಮಾತ್ರ.

ಆದರೆ ಕಲೆ ಇರುವುದು ಕೂಗಿನಲ್ಲಲ್ಲ, ಅದಕ್ಕೆ ಮುಂಚಿನ ಮೂರು ನಿಮಿಷಗಳಲ್ಲಿ. ಗಂಟೆಗಟ್ಟಲೆ ಹರಡಬೇಕಾದ ರಾಗವನ್ನು ಅವರು ಅಷ್ಟರಲ್ಲಿ ಅಡಕಗೊಳಿಸಿದರು. ಯಾವುದನ್ನು ಬಿಡಬೇಕೆಂಬ ವಿವೇಕ ಅವರಿಗಿತ್ತು: ಆಲಾಪ ಮೊಟಕಾಯಿತು, ಪಲ್ಲವಿಯಂಥ ಮೊದಲ ಸಾಲು ಬೇಗ ನೆಲೆನಿಂತಿತು, ಚುರುಕಾದ ತಾನುಗಳು ಸಮದ ಮೇಲೆ ತಪ್ಪದೆ ಬಂದಿಳಿದವು. 1920ರವರೆಗೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಧ್ವನಿಮುದ್ರಿಕೆಗಳು ಬಂದವು.

ಕುಂದುಗಳೂ ಇವೆ. ದನಿ ಕೆಲವೊಮ್ಮೆ ತೀರಾ ಹರಿತ. ಠುಮ್ರಿ ಬೇಡುವ ಪಿಸುದನಿಯ ಆಪ್ತತೆ ಅಲ್ಲಿಲ್ಲ. ಆದರೆ ಅದು ಗಾಯಕಿಯ ದೋಷವೋ ತುತ್ತೂರಿಯ ದೋಷವೋ? ತಗಡಿನ ತುತ್ತೂರಿಯೊಳಗೆ ಜೋರಾಗಿ ಹಾಡದಿದ್ದರೆ ಮೇಣದ ಮೇಲೆ ಗೆರೆಯೇ ಮೂಡುತ್ತಿರಲಿಲ್ಲ. ಮೈಕ್ರೊಫೋನಿನ ಮುದ್ರಣ ಬಂದದ್ದು 1925ರಲ್ಲಿ. 1923ರಲ್ಲಿ ಮುದ್ರಣ ಆರಂಭಿಸಿದ ಅಮೆರಿಕದ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ತುತ್ತೂರಿ, ಮೈಕ್ ಎರಡನ್ನೂ ಕಂಡರು. ಆ ಮೃದುತ್ವವನ್ನು ನಾವು ಕೇಳಬಲ್ಲೆವು. ಗೌಹರರಿಗೆ ಆ ಭಾಗ್ಯವಿರಲಿಲ್ಲ. ಆದ್ದರಿಂದ ಅವರನ್ನು ಅಳೆಯುವಾಗ ಯಂತ್ರದ ಪಾಲನ್ನು ಕಳೆದೇ ಅಳೆಯಬೇಕು.

ಕೊನೆಯ ಆಸರೆ ಕೊಟ್ಟದ್ದು ನಮ್ಮ ಮೈಸೂರು. 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಸಂಗೀತಗಾರ್ತಿಯಾಗಿ ನೇಮಿಸಿದರು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಅವರ ಒಡವೆ, ಔತಣ, ಪ್ರೇಮ, ವ್ಯಾಜ್ಯಗಳ ಕಥೆಗಳು ರಂಜಕವಾಗಿರಬಹುದು. ಗಾಯಕನನ್ನು ಗಾಯನದಿಂದ, ಗಾಯಕಿಯನ್ನು ಬದುಕಿನಿಂದ ತೂಗುವ ನಮ್ಮ ಹಳೆಯ ತಕ್ಕಡಿಗೆ ಅವು ಹೇಳಿ ಮಾಡಿಸಿದಂತಿವೆ. ಮಾಸ್ತಿಯಲ್ಲಿ ಆ ಸಂಜೆ ನಾನು ಠುಮ್ರಿಯನ್ನು ಮತ್ತೊಮ್ಮೆ ಹಾಕಿದೆ. ಗರಗರ ಸದ್ದಿನಾಚೆ ಆ ಕಂಠ ಶ್ರುತಿ ತಪ್ಪದೆ ನಿಂತಿತ್ತು. ಅವರ ಪರವಾಗಿ ಸಾಕ್ಷಿ ಹೇಳಲು ಅಷ್ಟು ಸಾಕು.